ಮಂದಾಕಾಕೂನ ಶ್ರದ್ಧಾಂಜಲಿ ಪುಟ

ಮಂದಾಕಿನಿ ಖೋತ ಯಾರು ಎಂದು ಕೇಳಿದರೆ ಕೊಲ್ಹಾಪುರದ ಮಂಗಳವಾರ ಪೇಟೆಯಲ್ಲಿ ಜನ ತಲೆ ಕೆರೆದುಕೊಂಡಾರು. ‘ಹಲಗೀನಾದ’ ಪೇಪರಿನ ಮಂದಾಕಾಕೂ ಎನ್ನಿ, ರಿಕ್ಷಾದವನು ಎರಡನೆಯ ಮಾತಿಲ್ಲದೆ ಮನೆ ಬಾಗಿಲಿಗೆ ತಂದು ಬಿಡುತ್ತಾನೆ. ಊರಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗೆ ಹೋಗುವ ಫೋನಿನ ಬೆನ್ನಿಗೇ ಆಕೆಗೊಂದು ಫೋನು ಹೋಗುತ್ತಿತ್ತು. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ಫೋಟೋ, ಹೆಸರು, ಊರು ಎಲ್ಲ ವೆಬ್‌ಸೈಟಿನಲ್ಲಿ ಬಂದಿರುತ್ತಿದ್ದವು. ಒಂದಕ್ಷರ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಆಕೆ ಪೇಪರಿಗೆ ಸೇರಿದ್ದು ಬ್ಲೇಡು ಗೋಂದುಗಳ ಕಾಲದಲ್ಲಿ. ಅಚ್ಚಾದ ಪಟ್ಟಿಗಳನ್ನು ಕತ್ತರಿಸಿ ಹಾಳೆಗೆ ಅಂಟಿಸುವ ಕೆಲಸ. ಆಮೇಲೆ ಪೇಪರು ಓದುವವರು ಕಡಿಮೆಯಾದರು, ಮಾಲೀಕರಾದ ಅಣ್ಣಾಸಾಹೇಬ ಮಗದೂಮರು ಪುಣೆಯವನೊಬ್ಬನಿಂದ ವೆಬ್‌ಸೈಟು ಕಟ್ಟಿಸಿದರು. ಅವನು ಕಟ್ಟಿಕೊಟ್ಟು ನಾಪತ್ತೆಯಾದ. ನೋಡಿಕೊಳ್ಳುವವರು ಯಾರು? ಗೋಂದು ಹಚ್ಚಿದ ಕೈಗೇ ಇದೂ ಬಂದು ಅಂಟಿಕೊಂಡಿತು. ವೆಬ್‌ಸೈಟಿನಲ್ಲಿ ಪಂಚಾಂಗ ಬೇಕೆಂದರೆ ಪ್ಲಗಿನ್ ಎಂಬ ತಯಾರು ತುಂಡೊಂದನ್ನು ತಂದು ಸೇರಿಸಬೇಕು, ಬೆಲ್ಲದ ಪೇಟೆಯ ಧಾರಣೆ ಬೇಕೆಂದರೆ ಇನ್ನೊಂದು, ಓದುಗರ ಮಾತಿಗೆ ಮತ್ತೊಂದು. ಸೇರಿಸಲಿಕ್ಕೆ ಯಾವ ಕತ್ತೆಗಾದರೂ ಬರುತ್ತದೆ. ಒಂದಕ್ಕೊಂದು ಕಚ್ಚಾಡದಂತೆ ಇಡುವುದು, ಹಳತಾದದ್ದನ್ನು ಹೊಸದು ಮಾಡುವುದು, ಬೇಡವಾದದ್ದನ್ನು ಬಂದ್ ಮಾಡುವುದು ಮಾತ್ರ ಐದಾರು ಸೊಸೆಯಂದಿರಿರುವ ಮನೆ ನಡೆಸಿದಂತೆ. ಮಂದಾಕಾಕೂ ಬೈಯುತ್ತಲೇ ನಡೆಸಿದಳು.

ಬೈಗುಳಕ್ಕೇನೂ ಬರವಿರಲಿಲ್ಲ. ಸಿಡುಕಿನ ಹೆಂಗಸು, ಅದನ್ನು ಮುಚ್ಚಿಟ್ಟು ಹೊಗಳಿದರೆ ಸುಳ್ಳಾದೀತು. ಒಮ್ಮೆ ಮನಸ್ಸು ನೊಂದರೆ ಅದನ್ನು ಉಪ್ಪಿನಕಾಯಿಯಂತೆ ಭರಣಿಯಲ್ಲಿ ಹಾಕಿ ಇಡುವವಳು. ಆಫೀಸಿನವರು ನಗುತ್ತಲೇ ಅಂಜುತ್ತಿದ್ದರು.

ಮಗ ಅವಧೂತ ಶಿರೋಲಿ ನಾಕಾದ ಹತ್ತಿರ ಬೈಕಿನಿಂದ ಬಿದ್ದವನು ಮತ್ತೆ ಏಳಲಿಲ್ಲ. ಒಬ್ಬನೇ ಮಗ. ಅವನ ಫೋಟೋಕ್ಕೆ ಚೌಕಟ್ಟು ಹಾಕುವುದನ್ನು ಆಕೆ ಬೇರೆಯವರ ಕೈಗೆ ಕೊಡಲಿಲ್ಲ, ಹದಿಮೂರನೆಯ ದಿನ ಮುಗಿದ ಮೇಲೆ ತಾನೇ ಬಂದು ಕೂತು ಹಾಕಿದಳು. ಹಾಕಿ ನೋಡಿದರೆ ಫೋಟೋ, ಹೆಸರು, ತಾರೀಖು. ಇಷ್ಟೇನಾ ನನ್ನ ಹುಡುಗ ಎನಿಸಿತು. ಆಗ ಹುಡುಕಿ ಹುಡುಕಿ ಒಂದು ಪ್ಲಗಿನ್ ತಂದು ಸೇರಿಸಿದಳು. ಸತ್ತವರ ಪುಟದ ಕೆಳಗೆ ನೆನಪು ಬರೆಯುವವರಿಗೆ ಜಾಗ, ಬರೆಯಲು ಬಾರದವರಿಗೆ ಜೋಡಿಸಿದ ಎರಡು ಕೈಯ ಚಿತ್ರವಿರುವ ಒಂದು ಬಟನ್. ಅದನ್ನು ಒತ್ತಿದರೆ ಸಣ್ಣ ಅಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಸಾಲು, ಅದರ ಮುಂದೆ ಒತ್ತಿದವರ ಹೆಸರು ಬಂದು ಕೂರುತ್ತಿತ್ತು.

ಅವಧೂತನ ಪುಟದಲ್ಲಿ ಗರಡಿ ತಾಲೀಮಿನ ಹುಡುಗರು ಬರೆದರು. ಪಂಚಗಂಗಾ ನದಿಯ ಘಾಟಿನಲ್ಲಿ ಹಿಂದಿನಿಂದ ನೂಕಿ ತನಗೆ ಈಜು ಕಲಿಸಿದ್ದನ್ನು ಒಬ್ಬ ಬರೆದ. ಮಹಾಪೂರದಲ್ಲಿ ಎದೆಮಟ್ಟದ ನೀರಿನಲ್ಲಿ ಹಾಲಿನ ಕ್ಯಾನು ಹೊತ್ತು ಬಂದದ್ದನ್ನು ಆಗ ಬಾಣಂತಿಯಾಗಿದ್ದ ಒಬ್ಬಳು ಬರೆಸಿದಳು. ಹೆಸರು ಹಾಕದ ಒಬ್ಬಳು ಹುಡುಗಿ, “ಆ ಶನಿವಾರ ನಾನು ಮಾತು ಬಿಟ್ಟಿದ್ದು ಸುಳ್ಳು ಸಿಟ್ಟಿನಿಂದ” ಎಂದಷ್ಟೇ ಬರೆದಳು. ಆ ಹುಡುಗಿ ಯಾರೆಂದು ಮಂದಾಕಾಕೂಗೆ ಎಂದಿಗೂ ತಿಳಿಯಲಿಲ್ಲ. ಮಗ ಹೋದ ಮೇಲೆ ಮಗನ ಪರಿಚಯವಾಯಿತು. ಬೆಳಿಗ್ಗೆ ಆಫೀಸಿಗೆ ಬಂದವಳು ಚಹಾಕ್ಕೂ ಮೊದಲು ಅದನ್ನೇ ತೆರೆದು ಓದುತ್ತಿದ್ದಳು.

ಊರಿನವರಿಗೂ ಹಾಗೆಯೇ ರೂಢಿಯಾಯಿತು. ಮಸ್ಕತ್‌ನಲ್ಲಿದ್ದ ಒಬ್ಬಳು ತನ್ನ ಅಪ್ಪನ ಪುಟವನ್ನು ಊಟದ ಹೊತ್ತಿಗೆ ತೆರೆದಿಟ್ಟುಕೊಳ್ಳುತ್ತೇನೆಂದು ಫೋನಿನಲ್ಲಿ ಅತ್ತಿದ್ದಳು. ಹೀಗೆ ವರ್ಷಗಳು ಕಳೆದವು.

ಅಣ್ಣಾಸಾಹೇಬರ ಮಗ ಋತುರಾಜ ಕಾರಭಾರ ವಹಿಸಿಕೊಂಡ. ಹುಡುಗ ಕೆಟ್ಟವನಲ್ಲ, ನಾಲಿಗೆ ಸಡಿಲು. ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು ಜಾಹೀರಾತಿನ ಮಾತಾಡುವಾಗ ಆಕೆಯ ಕಡೆ ತಿರುಗಿದ.

“ಕಾಕೂ, ನಿಮ್ಮ ಸ್ಮಶಾನದಾಗ ಜಾಹೀರಾತು ಯಾವನೂ ಹಾಕಂಗಿಲ್ಲ. ಸತ್ತವರನ್ನ ಎಷ್ಟಂತ ಕಾಯ್ಕೋತ ಕುಂದರತೀರಿ? ಇದ್ದವರ ಕಡೀನೂ ಸ್ವಲ್ಪ ನೋಡ್ರಿ!”

ಎಲ್ಲರೂ ನಕ್ಕರು. ಅವಧೂತನ ನೆನಪೇ ಅವನಿಗೆ ಆಗ ಇರಲಿಲ್ಲ, ಬಾಯಿಗೆ ಬಂದದ್ದನ್ನು ಆಡಿದ. ಆದರೆ ಮಂದಾಕಾಕೂಗೆ ಆ ಮಾತು ಮಗನ ಎದೆಯ ಮೇಲೆ ಕಾಲಿಟ್ಟಂತಾಯಿತು. ಮಾತು ಭರಣಿಗೆ ಸೇರಿತು.

ಮುಂದೆ ರಣಧೀರದಾದಾನ ಹುಟ್ಟುಹಬ್ಬ ಬಂತು. ದಾದಾ ಎಂದರೆ ಆ ಭಾಗದ ಪುಢಾರಿ. ಅವನ ಹುಟ್ಟುಹಬ್ಬದ ವಾರ ಚೌಕುಗಳಲ್ಲಿ ಆಕಾಶ ಕಾಣುವುದಿಲ್ಲ, ಬರೀ ಫ್ಲೆಕ್ಸು. ಫ್ಲೆಕ್ಸಿನ ಕೆಳಗೆ ಶುಭ ಕೋರುವವರ ಮುಖಗಳ ಸಾಲು, ಯಾರ ಮುಖ ದಾದಾನಿಗೆ ಹತ್ತಿರ, ಯಾರದು ಮೂಲೆಯಲ್ಲಿ ಎಂದು ಹೊಡೆದಾಟ. ವೆಬ್‌ಸೈಟಿನಲ್ಲಿ ಒಂದು ಪುಟ ಮಾಡಿ, ಮೊದಲು ಶುಭ ಕೋರಿದವನ ಹೆಸರು ಮೊದಲು ಬರುವಂತೆ ಇಟ್ಟರೆ ಮಂದಿ ಮುಗಿಬೀಳುತ್ತಾರೆ ಎಂಬ ಉಪಾಯ ಋತುರಾಜನಿಗೆ ಹೊಳೆಯಿತು. ಉಪಾಯವೇನೋ ಸರಿಯೇ. ಮಂದಾಕಾಕೂನ ಸೆಡವು ಮುಖ ನೋಡಲಾರದೆ ಪುಟವನ್ನು ತಾನೇ ಮಾಡಲು ಕೂತ.

ಹೊಸದಾಗಿ ಕಟ್ಟುವ ತಾಳ್ಮೆ ಯಾರಿಗಿದೆ? ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟಾದ ಪುಟಗಳೆಂದರೆ ಸತ್ತವರವು. ಫೋಟೋದ ಜಾಗ, ಹೆಸರಿನ ಜಾಗ, ಚೌಕಟ್ಟು ಎಲ್ಲ ತಯಾರು. ಹಳೆಯದೊಂದನ್ನು ನಕಲು ಮಾಡಿ ಕರಿ ಅಂಚು ತೆಗೆದು ಕೇಸರಿ ಹಾಕಿದ, ಫೇಟಾ ಕಟ್ಟಿದ ದಾದಾನ ಫೋಟೋ ಕೂರಿಸಿದ, ಮೇಲಿನಿಂದ ಗುಲಾಬಿ ಪಕಳೆ ಉದುರಿಸುವ ಹೊಸ ಪ್ಲಗಿನ್ ಒಂದನ್ನು ಸೇರಿಸಿದ. ಕೆಳಗಿದ್ದ ಜೋಡಿಸಿದ ಕೈಗಳನ್ನು ನಮಸ್ಕಾರವೆಂದುಕೊಂಡು ಹಾಗೆಯೇ ಬಿಟ್ಟ.

ಹುಟ್ಟುಹಬ್ಬದ ಬೆಳಿಗ್ಗೆ ಫೋನು ಮಾಡಿದ.

“ಕಾಕೂ, ಲಿಂಕ್ ಕಳಸೀನಿ. ಒಮ್ಮೆ ಕಣ್ಣಾಡಸ್ರಿ, ಎಲ್ಲಾ ಬರೋಬರಿ ಐತೇನು? ನೀವು ಹೂಂ ಅಂದ್ರ ಮಂದಿಗೆ ಬಿಡತೀನಿ. ನಿಮ್ಮಷ್ಟು ನನಗೆಲ್ಲಿ ತಿಳೀತೈತಿ?”

ಆಕೆ ಒಲೆಯ ಮೇಲಿನ ಕಾಂದಾಪೋಹೆ ಇಳಿಸಿ ಫೋನಿನಲ್ಲಿ ತೆರೆದಳು. ಪಕಳೆಗಳು ಉದುರುತ್ತಿದ್ದವು, ದಾದಾ ಮೀಸೆಯಡಿ ನಗುತ್ತಿದ್ದ, ಕೆಳಗೆ ತನ್ನ ಬಟನ್. ಒತ್ತಿದರೆ ಯಾವ ಸಾಲು ಬರುತ್ತದೆಂದು ನೋಡಿದ ಕೂಡಲೇ ತಿಳಿಯಿತು. “ಏ ಮಂಗ್ಯಾ, ಅದನ್ನ ತಗಿ” ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಭರಣಿಯ ಮುಚ್ಚಳ ತೆರೆಯಿತಲ್ಲ! ಇದ್ದವರ ಕಡೆ ನೋಡಬೇಕಲ್ಲ ನಿನಗೆ, ನೋಡು ಈಗ. ಹತ್ತು ಮಂದಿ ನಕ್ಕು ಆ ಹುಡುಗನ ಮುಖ ಇಷ್ಟಾದರೆ ಸಾಕು, ಅಷ್ಟೇ ಬೇಕಾಗಿದ್ದುದು.

“ಛಲೋ ಐತಪಾ. ಬಿಡು,” ಎಂದಳು. ಪೋಹೆಗೆ ನಿಂಬೆ ಹಿಂಡಿಕೊಂಡು ಸಮಾಧಾನವಾಗಿ ತಿಂದಳು.

ಹತ್ತು ಮಂದಿಗೆ ನಿಲ್ಲುವ ವಿಷಯವೇ ಅದು? ದಾದಾನ ಮಂದಿ ಓದುವವರಲ್ಲ, ಒತ್ತುವವರು. ಮೊದಲ ಹೆಸರು ತನ್ನದಾಗಬೇಕೆಂದು ತಾಲೀಮುಗಳಲ್ಲಿ, ಹಾಲಿನ ಸಂಘದಲ್ಲಿ, ಕಟ್ಟೆಗಳ ಮೇಲೆ ಕೂತು ಒತ್ತಿದ್ದೇ ಒತ್ತಿದ್ದು. ಮಧ್ಯಾಹ್ನದ ಹೊತ್ತಿಗೆ ಎದುರು ಪಾರ್ಟಿಯವನೊಬ್ಬ ಸಣ್ಣಕ್ಷರವನ್ನು ದೊಡ್ಡದು ಮಾಡಿ ನೋಡಿದ. ನಗುತ್ತಿರುವ ದಾದಾ, ಉದುರುವ ಹೂವು, ಕೆಳಗೆ ಅವನದೇ ಬಂಟರೆಲ್ಲರ ಹೆಸರಿನಲ್ಲಿ ಭಾವಪೂರ್ಣ ಶ್ರದ್ಧಾಂಜಲಿ! ಅದರ ಚಿತ್ರ ಮನೆಮನೆಯ ಫೋನಿಗೆ ಮುಟ್ಟಿತು. ದಾದಾನ ಮುದುಕಿ ತಾಯಿಗೆ ಯಾರೋ ಫೋನು ಮಾಡಿ ಅತ್ತರಂತೆ, ಆಕೆ ಎಚ್ಚರ ತಪ್ಪಿದಳಂತೆ.

ದಾದಾನ ಬಲಗೈ ಬಂಡಾ ಸುತಾರ ಜನ ಕಟ್ಟಿಕೊಂಡು ಆಫೀಸಿಗೆ ನುಗ್ಗಿದ. ಅಣ್ಣಾಸಾಹೇಬರು ಕೈ ಮುಗಿದು ಎದ್ದು ನಿಂತರು.

“ಸಿಟ್ಟಾಗಬ್ಯಾಡ್ರಿ ಬಂಡೋಪಂತ. ಇದ್ದವರನ್ನ ಸತ್ತರು ಅಂದ್ರ ಆಯುಷ್ಯ ಹೆಚ್ಚತೈತಿ ಅಂತಾರ ನಮ್ಮ ಕಡೆ…”

“ಹಂಗಾದ್ರ ನಿಮ್ಮ ಫೋಟೋ ಹಾಕ್ರಿ, ನಾವೆಲ್ಲಾ ಕೂಡಿ ಒತ್ತತೀವಿ. ಹೆಚ್ಚಲಿ ನಿಮ್ಮದೂ! ಯಾರು ಮಾಡಿದ್ದು ಇದನ್ನ?”

ಮಂದಾಕಾಕೂ ತನ್ನ ಕುರ್ಚಿಯಲ್ಲಿ ಕೂತು ಋತುರಾಜನನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾನೆ, ಕಾಕೂ ನೋಡಿ ಹೂಂ ಅಂದಿದ್ದಳು ಎಂದು ಹೇಳಿಯೇ ಹೇಳುತ್ತಾನೆ. ಋತುರಾಜ ಆಕೆಯ ಕಡೆ ಒಮ್ಮೆ ನೋಡಿದ.

“ನಾನ ಮಾಡಿದ್ದು. ಕಾಕೂಗ ಇದರಾಗ ಏನೂ ಗೊತ್ತಿಲ್ಲ. ಅವರನ್ನ ಬಿಡ್ರಿ,” ಎಂದ.

ಅಣ್ಣಾಸಾಹೇಬರು ಎಲ್ಲರೆದುರೇ ಮಗನ ಕೆನ್ನೆಗೆ ಬಾರಿಸಿದರು. ಮದುವೆಯಾಗಿ ಕೂಸಿನ ತಂದೆಯಾದವನು, ಕೆನ್ನೆ ಹಿಡಿದುಕೊಂಡು ನಿಂತ. ಆಕೆಗೆ ಬೇಕಾಗಿದ್ದ ಮುಖ ಅದೇ. ನೋಡಲು ಆಗಲಿಲ್ಲ. ಎಷ್ಟು ನೀಚಳು ನಾನು ಎಂದು ಮೈಯೆಲ್ಲ ಹೇಸಿಕೆಯಾಯಿತು.

“ಆ ಕೈಮುಗಿಯೂ ಪ್ಲಗಿನ್ ಮೊದಲ ಕಿತ್ತ ಹಾಕ್ರಿ,” ಎಂದ ಬಂಡಾ.

“ಆ ಪುಟಾ ತಗದೀನ್ರಿ, ಪ್ಲಗಿನ್ನೂ ಬಂದ್ ಮಾಡೀನಿ. ಯಾರಿಗೂ ಕಾಣಂಗಿಲ್ಲ ಈಗ,” ಎಂದಳು ಮಂದಾಕಾಕೂ.

ಬಂಡಾನ ಜತೆ ಬಂದ ಕನ್ನಡಕದವನಿಗೆ ಈ ವಿದ್ಯೆ ಅಷ್ಟಿಷ್ಟು ಗೊತ್ತಿತ್ತು. “ಬಂದ್ ಮಾಡಿದ್ರ ಹೆಸರೆಲ್ಲಾ ಒಳಗ ಇರತಾವು ಬಂಡೋಪಂತ. ನಾಳೆ ಮತ್ತ ಚಾಲೂ ಮಾಡಬಹುದು. ಪೂರಾ ಅಳಸಬೇಕು.”

“ಅಳಿಸಿದ್ರ ಊರ ಮಂದಿ ಬರದದ್ದೆಲ್ಲಾ ಹೋಗತೈತ್ರಿ! ಅರ್ಧಾ ತಾಸು ಕೊಡ್ರಿ, ಒಂದು ಪ್ರತಿ ತಕ್ಕೊಂಡು ಅಳಸತೀನಿ.”

“ಪ್ರತಿ? ಪ್ರತಿ ಯಾಕ ಬೇಕು ನಿನಗ? ಎಲೆಕ್ಷನ್‌ದಾಗ ಆ ಕಡಿಯವರಿಗೆ ಮಾರಾಕ? ಏ ಬಾಯಿ, ನನ್ನ ಕಣ್ಣ ಮುಂದ ಅಳಸು. ಈಗಿಂದೀಗ.”

“ಖೋತಬಾಯಿ, ಅಳಿಸಿಬಿಡ್ರಿ. ಪೇಪರ ಉಳೀಬೇಕಲ್ಲ,” ಎಂದರು ಅಣ್ಣಾಸಾಹೇಬರು.

ನನ್ನ ಮಗನೂ ಇದರಲ್ಲಿದ್ದಾನೆ ಎಂದು ಒಂದು ಮಾತು ಹೇಳಿದ್ದರೆ ಬಂಡಾನಂಥವನೂ ಕರಗುತ್ತಿದ್ದನೇನೋ. ತಾಯಿಯ ಮಾತಿಗೆ ಆ ಊರು ಅಷ್ಟು ಕಠೋರವಲ್ಲ. ಆದರೆ ಹಾಗೆನ್ನಬೇಕೆಂದರೆ ತಲೆ ಎತ್ತಬೇಕು, ತಲೆ ಎತ್ತಿದರೆ ಎದುರಿಗೆ ಋತುರಾಜನ ಕೆಂಪಾದ ಕೆನ್ನೆ. ಯಾವ ಬಾಯಿಂದ ಕೇಳುವುದು? ಆಕೆ ಅಳಿಸು ಎಂಬಲ್ಲಿ ಒತ್ತಿದಳು. ಇದರೊಂದಿಗೆ ಇದರ ಎಲ್ಲ ಬರಹವೂ ಅಳಿಯುತ್ತದೆ, ಖಾತ್ರಿಯೇ ಎಂದು ಕೇಳಿತು. ಹೌದು ಎಂದು ಒತ್ತಿದಳು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯಲಿಲ್ಲ.

ಮರುದಿನದಿಂದ ಫೋನುಗಳು ಬಂದವು. ಮಸ್ಕತ್‌ನವಳು ಕೇಳಿದಳು, ಬೆಲ್ಲದ ಪೇಟೆಯ ಮುದುಕರೊಬ್ಬರು ಕೇಳಿದರು. “ಮಷೀನ ಕೆಟ್ಟೈತ್ರಿ” ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. ಒಂದು ಸಂಜೆ ಋತುರಾಜ ಬಂದು ಆಕೆಯ ಮೇಜಿನ ಬಳಿ ನಿಂತ.

“ಕಾಕೂ, ನಿಮ್ಮ ಅವಧೂತಂದೂ ಇತ್ತಲ್ಲ ಅದರಾಗ. ನನಗ ಆಮ್ಯಾಲ ನೆನಪಾತು. ನನ್ನ ಗಡಿಬಿಡಿಯಿಂದ ಹೋತು ಎಲ್ಲಾ. ನೀವೂ ಅವತ್ತು ಅವಸರದಾಗ ನೋಡಿರಬೇಕು, ನಿಮ್ಮ ತಪ್ಪೇನೈತಿ. ಮಾಫ ಮಾಡ್ರಿ,” ಎಂದ. ಅವನ ಕಣ್ಣಲ್ಲಿ ನೀರಿತ್ತು.

“ಹೋಗಲಿ ಬಿಡಪಾ,” ಎಂದಳು ಮಂದಾಕಾಕೂ. ಮಾಫಿ ಕೊಟ್ಟಳು! ಅದನ್ನೂ ಮಾಡಿದಳು.

ಅವಧೂತ ತೀರಿಕೊಂಡ ದಿನ ಆ ವರ್ಷವೂ ಬಂತು. ಗಂಡ ದಿನಕರರಾಯರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಬಹಳ ದಿನಗಳಾಗಿದ್ದವು. ಪ್ರತಿ ವರ್ಷ ಅಂದು ಆಕೆ ಅವರಿಗೆ ಮಗನ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು. ಪುಟದ ಬರಹವೆಲ್ಲ ಅಳಿದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಊಟ ಮುಗಿಸಿ ಗೋಡೆಗೆ ಒರಗಿ ಕೂತು, “ಓದು ಇನ್ನ” ಎಂದರು.

ಆಕೆ ಫೋನನ್ನು ಕೈಯಲ್ಲಿ ಹಿಡಿದು ಬಾಯಿಪಾಠ ಇದ್ದಷ್ಟನ್ನು ಒಪ್ಪಿಸಿದಳು. ಈಜು ಕಲಿತವನದು ಬಂತು, ಹಾಲಿನ ಕ್ಯಾನು ಬಂತು. ಇನ್ನೂ ಎಷ್ಟೋ ಇದ್ದವು, ಎಷ್ಟು ತಡವರಿಸಿದರೂ ನೆನಪಿಗೆ ಬರಲಿಲ್ಲ. ಗಂಡ ಕಿವಿಗೊಟ್ಟು ಕೂತೇ ಇದ್ದರು. ಸುಮ್ಮನಿರಲಾಗದೆ ಆಕೆ ಬಾಯಿಗೆ ಬಂದದ್ದನ್ನು ಜೋಡಿಸಿದಳು.

“ಅವಧ್ಯಾ ಯಾವಾಗಲೂ ಅಂತಿದ್ದ, ನಮ್ಮವ್ವ ಬಾಯಿಲೇ ಬೈತಾಳ, ಮನಸಿನಾಗ ಒಂದಿಷ್ಟೂ ಇಟ್ಟುಕೊಳ್ಳಂಗಿಲ್ಲ ಅಂತ.”

ದಿನಕರರಾಯರು ನೆಟ್ಟಗೆ ಕೂತರು. “ಇದು ಹೊಸಾದೈತಲ್ಲ! ಹೋದ ವರ್ಷ ಇರಲಿಲ್ಲ ಇದು. ಯಾರು ಬರದಾರ?”

“ಹೆಸರ ಹಾಕಿಲ್ಲ.”

“ಇನ್ನೂ ನೆನಸತಾರ ನೋಡು ಹುಡುಗ್ರು,” ಎಂದು ಅವರು ಬಹಳ ದಿನಗಳ ಮೇಲೆ ನಕ್ಕರು. “ಖರೇನ ಬರದಾನ ಯಾವನೋ ಪುಣ್ಯಾತ್ಮ. ಅವನಿಗೆ ಒಂದು ಜವಾಬು ಹಾಕು, ಅವಧೂತನ ಅಪ್ಪಗ ಭಾಳ ಸಂತೋಷ ಆತು ಅಂತ. ಹಾಕು, ಈಗ ಹಾಕು.”

ಕಾಣದ ಕಣ್ಣಾದರೂ ಅವರು ಇತ್ತಲೇ ಮುಖ ಮಾಡಿ ಕಾಯುತ್ತಿದ್ದರು. ಮಂದಾಕಾಕೂ ಫೋನಿನ ಗಾಜಿನ ಮೇಲೆ, ಉಗುರಿನ ಸದ್ದು ಅವರಿಗೆ ಕೇಳಿಸುವ ಹಾಗೆ, ಬೆರಳು ಆಡಿಸಿದಳು.