ಬಾವಿಯ ಪಕ್ಕದ ಗೆದ್ದಲು

ಮಂಗಳೂರಿನ ಗೆದ್ದಲುಗಳು ನನ್ನ ಹೆಸರು ಕೇಳಿದರೆ ಸಮುದ್ರಕ್ಕೆ ಹಾರುತ್ತಿದ್ದವು. ಸುಳ್ಳು ಮಾರಾಯ್ರೆ, ನನ್ನ ಮನೆಯ ಕಪಾಟನ್ನೇ ಅವು ತಿಂದು ಮುಗಿಸಿವೆ. ಆದರೆ ಉರ್ವದ ಬಾಯಮ್ಮನ ಮನೆಯಲ್ಲಿ ಆದದ್ದು ನಿಜ.

ಎಂಬತ್ತನೇ ಇಸವಿಯ ಸುಮಾರಿಗೆ ನಾನು ಗೆದ್ದಲಿಗೆ ಮದ್ದು ಹಾಕುವ ಕೆಲಸದಲ್ಲಿದ್ದೆ. ಅವರ ಮನೆಯಲ್ಲಿ ದೇವರ ಪಟ ಇಟ್ಟು ಪ್ರಾರ್ಥಿಸುವ ಅಲ್ತಾರಿನ ಹಿಂದೆ ಗೋಡೆಯ ಮೇಲೆ ಮಣ್ಣಿನ ಗೆರೆ ಎದ್ದಿತ್ತು, ಬಾಗಿಲಿನ ಚೌಕಟ್ಟು, ಅದೇ ದಾರಂದ, ಟೊಳ್ಳಾಗಿತ್ತು.

"ಮನೆಯ ಸುತ್ತ ನೆಲಕ್ಕೆ ತೂತು ಕೊರೆದು ಮದ್ದು ಹೊಯ್ಯುವ. ಅದೇ ಗಟ್ಟಿ ಉಪಾಯ," ಎಂದೆ.

"ಬಾವಿ ಗೋಡೆಯ ಪಕ್ಕವೇ ಉಂಟಲ್ಲ?"

"ಪಕ್ಕಕ್ಕೆ ಹೋಗಬಾರದು ಅಂತ ಮದ್ದಿಗೆ ನಾನೇ ಹೇಳಿದ್ದೇನೆ ಬಾಯಮ್ಮ."

ಅವರು ನಗಲಿಲ್ಲ. ಹೆರಿಗೆಗೆ ಬಂದ ಮಗಳು ಒಳಗೆ ಮಲಗಿದ್ದಳು. ಬಾಯಮ್ಮ ಕೊಡಪಾನದಲ್ಲಿ ನೀರು ಸೇದಿ, ಒಂದು ಲೋಟ ತುಂಬಿಸಿ ನನ್ನ ಮುಂದೆ ಇಟ್ಟರು.

"ಮದ್ದು ಹೊಯ್ದ ಮೇಲೆ ದಿನಾ ಬಂದು ಮೊದಲ ಲೋಟ ನೀವು ಕುಡೀಬೇಕು. ಆಮೇಲೆ ಅವಳಿಗೆ ಕೊಡ್ತೇನೆ. ಆಗ್ತದಾ?"

ಜರಡಿಯಂಥ ಮುರಕಲ್ಲಿನ ನೆಲ, ಹೊಯ್ದದ್ದು ಎಲ್ಲಿಗೆ ಇಳಿಯುತ್ತದೆಂದು ನನಗೆ ಗೊತ್ತಿತ್ತು.

ಕೊರೆಯುವ ಸಾಮಾನು ಕಟ್ಟಿಟ್ಟೆ. ಮಣ್ಣಿನ ಗೆರೆ ಕೆರೆದು ತೆಗೆದು, ದಾರಂದ ಬದಲಿಸಿ, ಮರಕ್ಕೆಲ್ಲ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿದೆ. ಮಳೆಗಾಲ ಮುಗಿಯುವವರೆಗೆ ವಾರವಾರ ಹೋಗಿ ಗೋಡೆ ನೋಡಿದೆ. ಗೆದ್ದಲು ಪೂರ್ತಿ ಹೋಗಲಿಲ್ಲ. ಮಗು ಮಾತ್ರ ಆ ಬಾವಿಯ ನೀರಿನಲ್ಲೇ ಮಿಂದು ಬೆಳೆಯಿತು.

ಹೋದಾಗಲೆಲ್ಲ ಬಾಯಮ್ಮ ಅದೇ ನೀರಿನ ಚಾ ಕೊಡುತ್ತಿದ್ದರು, ನಾನು ಹೆದರದೆ ಕುಡಿಯುತ್ತಿದ್ದೆ. ಈಗ ನಾವು ಕೂತಿರುವ ಈ ಹೋಟೆಲಿನ ನೀರು ಯಾವ ಬಾವಿಯದೋ ಗೊತ್ತಿಲ್ಲ, ಆದರೂ ಕುಡಿದಾಯಿತು. ಧೈರ್ಯ ನನ್ನದು, ಚಾದ ದುಡ್ಡು ನೀವು ಕೊಡಿ ಮಾರಾಯ್ರೆ.