ಅರ್ಧ ಬೆಲೆಯ ಅಭಿಮಾನಿ

"ಅಮ್ಮಾ, ಮಹಡಿ ಅಜ್ಜಿ ಯಾಕೆ ಎಲ್ಲಾ ಅಂಗೀನೂ ಒಳಗಡೆ ತಿರುಗಿಸಿ ನೋಡ್ತಾರೆ? ಅವರಿಗೆ ಹಾಕ್ಕೊಳೋಕೆ ಬಟ್ಟೆ ಇಲ್ವಾ?"

ಬಟ್ಟೆ ಅಂಗಡಿಯ ನಡುವೆ ಮಗಳು ಸೆರಗು ಜಗ್ಗಿ ಕೇಳಿದಾಗ ತಾಯಿಗೆ ನಗು ತಡೆಯಲಾಗಲಿಲ್ಲ. ಅವರ ಮನೆಯ ಮೇಲಿನ ಮಹಡಿಯಲ್ಲಿರುವ ಈ ಅಜ್ಜಿಗೆ ಬಟ್ಟೆಗೇನೂ ಬರವಿಲ್ಲ. ಬರ ಬಂದಿದ್ದು ಹಲ್ಲಿಗೆ. ಟೆಲಿಫೋನ್ ಕಚೇರಿಯಲ್ಲಿ ಕೂತು ಜೀವಮಾನವೆಲ್ಲ ಊರವರ ಮಾತಿಗೆ ಮಾತು ಜೋಡಿಸಿ ನಿವೃತ್ತರಾದವರು. ಹೊಸ ಹಲ್ಲಿನ ಸೆಟ್ಟಿಗೆಂದು ಒಂದಿಷ್ಟು ದುಡ್ಡು ತೆಗೆದಿಟ್ಟಿದ್ದರು. ಅಷ್ಟರಲ್ಲಿ ಅವರ ತಮ್ಮ ಫೋನಿನಲ್ಲಿ ಕಿವಿಗೆ ಊದಿದ್ದ: "ಅಕ್ಕಾ, ನಿನ್ನ ಮೆಚ್ಚಿನ ಬಟ್ಟೆ ಕಂಪನಿ ಷೇರು ನೆಲ ಕಚ್ಚಿದೆ. ಈಗ ತಗೊಂಡು ಬಿಡು, ಮುಂದೆ ಚಿನ್ನದ ಹಲ್ಲೇ ಕಟ್ಟಿಸ್ಕೋಬಹುದು!"

ಅಜ್ಜಿ ಗಾಳಿ ಬಂದ ಕಡೆ ತೂರಿಕೊಳ್ಳುವವರಲ್ಲ. "ಬಿದ್ದಿದ್ದು ಏಳತ್ತೋ, ಅಲ್ಲೇ ಮಲಗಿ ಬಿಡತ್ತೋ ನೋಡ್ಬೇಕಲ್ಲ" ಎಂದು ಕಂಪನಿಯ ವಾರ್ಷಿಕ ವರದಿ ಓದಿದರು. ಮಾರಾಟವೇನೋ ಏರಿದೆ, ಲಾಭ ಮಾತ್ರ ಮಂಜಿನಂತೆ ಕರಗುತ್ತಿದೆ. ಯಾಕೆಂದು ತಲೆಗೆ ಹೋಗದೆ, ಶಾಲೆಯಿಂದ ಬರುತ್ತಿದ್ದ ತಾಯಿ ಮಗಳನ್ನೂ ಕಟ್ಟಿಕೊಂಡು ಕಂಪನಿಯ ಅಂಗಡಿಗೇ ಬಂದಿದ್ದರು.

ಹೊಲಿಗೆ ಎಳೆದರು, ಗುಂಡಿ ತಿರುಚಿದರು. "ನೋಡೇ, ಕಬ್ಬಿಣ! ನನ್ನ ಸ್ವೆಟರ್ ಇವರದ್ದೇ. ನನ್ನ ಹಲ್ಲು ಉದುರಿದ್ರೂ ಅದರ ಗುಂಡಿ ಉದುರಿಲ್ಲ. ಇಂಥ ಕಂಪನಿ ಎಲ್ಲಾದ್ರೂ ಮುಳುಗತ್ತಾ? ನಾಳೆನೇ ಷೇರು ತಗೋತೀನಿ."

ಹಲ್ಲಿನ ದುಡ್ಡು ಷೇರಿಗೆ ಹೋಗುವುದು ತಾಯಿಗೆ ಸರಿಬರಲಿಲ್ಲ. ದಿನವೂ ಅಜ್ಜಿಗೆಂದು ತಾನೇ ಮೆತ್ತಗೆ ಬೇಯಿಸಿ ಮಹಡಿಗೆ ಕಳಿಸುವವಳು. ಅವರು ಅದನ್ನು ಮುಖ ಹಿಂಡಿಕೊಂಡು ನುಂಗುವುದನ್ನು ಕಂಡವಳು.

"ಆ ಸ್ವೆಟರ್ ಯಾವಾಗ ತಗೊಂಡ್ರಿ ಅಜ್ಜಿ?"

"ಅರ್ಧ ಬೆಲೆ ಬೋರ್ಡು ಹಾಕಿದ್ದಾಗ."

"ಮತ್ತೆ ಈ ಶಾಲು?"

"ಅದೂ... ಬೋರ್ಡು ಹಾಕಿದ್ದಾಗಲೇ."

ಅಜ್ಜಿ ಸುತ್ತ ನೋಡಿದರು. ಹೊಸ ಮಾಲಿನ ಕಪಾಟುಗಳ ಮುಂದೆ ನರಪಿಳ್ಳೆಯಿಲ್ಲ. ಮೂಲೆಯ ಅರ್ಧ ಬೆಲೆಯ ರಾಶಿಗೆ ಮಾತ್ರ ಜನ ಇರುವೆಯಂತೆ ಮುತ್ತಿದ್ದಾರೆ.

"ಹೊಸದನ್ನ ಯಾರೂ ತಗೊಳಲ್ವೇನಮ್ಮ?" ಎಂದು ಮಾರುವ ಹುಡುಗಿಯನ್ನು ಕೇಳಿದರು.

"ಮುಟ್ಟಿ ನೋಡ್ತಾರೆ ಅಜ್ಜಿ. 'ಇದಕ್ಕೆ ಅರ್ಧ ಬೆಲೆ ಬೋರ್ಡು ಯಾವಾಗ ಹಾಕ್ತೀರಾ' ಅಂತ ಕೇಳ್ಕೊಂಡು ಹೋಗ್ತಾರೆ."

"ಅಯ್ಯೋ, ನಾನು ಕೇಳೋದೂ ಅದನ್ನೇ!" ಅಜ್ಜಿ ಹಣೆ ಬಡಿದುಕೊಂಡರು. "ಪ್ರೀತಿ ಪ್ರೀತಿ ಅಂತ ಒಂದು ದಿನಾನೂ ಪೂರ್ತಿ ಬೆಲೆ ಕೊಟ್ಟಿಲ್ವಲ್ಲೇ. ನನ್ನಂಥ ಅಭಿಮಾನಿಗಳನ್ನ ಕಟ್ಕೊಂಡು ಯಾವ ಕಂಪನಿ ಉದ್ಧಾರ ಆಗತ್ತೆ?" ಮಾರುವ ಹುಡುಗಿಯೂ ಬಿದ್ದು ಬಿದ್ದು ನಕ್ಕಳು.

ಮರುದಿನ ಅಜ್ಜಿ ಹಲ್ಲಿನ ಡಾಕ್ಟರ ಬಳಿ ಅಳತೆ ಕೊಟ್ಟು ಬಂದರು. ತಮ್ಮನಿಗೆ, "ಚಿನ್ನದ ಹಲ್ಲು ನಿಂಗೇ ಇರಲಿ ಕಣೋ" ಎಂದರು. ಆಮೇಲೆ ಮೆಟ್ಟಿಲಲ್ಲಿ ತಾಯಿಯನ್ನು ತಡೆದು ನಿಲ್ಲಿಸಿದರು.

"ನನಗೊಂದು ಉಪಕಾರ ಮಾಡೇ. ಮಗೂನ ಬಿಡೋಕೆ ದಿನಾ ಆ ಅಂಗಡಿ ಮುಂದೇನೇ ಹೋಗ್ತೀಯಲ್ಲ. ಬೋರ್ಡು ಇಳಿಸಿದ ಮೇಲೂ ಜನ ಮುಗಿಬಿದ್ರೆ ಓಡಿ ಬಂದು ಹೇಳು, ಆಗ ಷೇರಿನ ವಿಚಾರ ಮಾಡೋಣ." ಎರಡು ಮೆಟ್ಟಿಲು ಹತ್ತಿ ಮತ್ತೆ ತಿರುಗಿದರು. "ಹಾಂ, ಇಳಿಸೋಕೆ ಮುಂಚೆನೂ ಒಂದು ಮಾತು ಹೇಳು. ನಂಗೆ ಇನ್ನೊಂದು ಶಾಲು ಬೇಕು."