ಬಳಸುವ ಬಗೆ ಬರೆಯುವ ರಾಜಮಹ್ಮದ

ಬಾಗಲಕೋಟೆಯ ಕಾರ್ಖಾನೆಯೊಂದರಲ್ಲಿ ಮೇವು ಕತ್ತರಿಸುವ, ಔಷಧ ಹೊಡೆಯುವ ಯಂತ್ರಗಳು ತಯಾರಾಗುತ್ತವೆ. ಅವುಗಳ ಜೊತೆ ಕೊಡುವ ‘ಬಳಸುವ ವಿಧಾನ’ದ ಹಾಳೆಯನ್ನು ಇಪ್ಪತ್ತೆರಡು ವರ್ಷ ಬರೆದವನು ರಾಜಮಹ್ಮದ. ಇದೂ ಒಂದು ನೌಕರಿಯೇ ಎಂದು ನಕ್ಕವರುಂಟು. ನಗಲಿ. ಹಾಳೆ ನಂಬಿ ಬ್ಲೇಡಿನ ಹತ್ತಿರ ಕೈ ಒಯ್ಯುವವರು ಅವರಲ್ಲವಲ್ಲ.

ಹಾಳೆ ಬರೆದಾದ ಮೇಲೆ ಅವನು ಶಿರೂರಿನ ಬಸ್ಸು ಹತ್ತುತ್ತಿದ್ದ. ಅಲ್ಲಿ ಎಮ್ಮೆ ಸಾಕಿಕೊಂಡಿದ್ದ ರೇಣವ್ವನ ಅಂಗಳದಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ. ಓದು ಬಾರದ ರೇಣವ್ವ ಕೇಳಿದ್ದನ್ನಷ್ಟೇ ಮಾಡಿ ತೋರಿಸಬೇಕು. ಅವಳ ಕೈ ತಡವರಿಸಿದ ಕಡೆ ಸಾಲು ಹೊಡೆದುಹಾಕಿ ಹೊಸದು ಬರೆಯುತ್ತಿದ್ದ.

“ನಿಮ್ಮ ಅಕ್ಷರಕ್ಕಿಂತ ನನ್ನ ಕೈ ಶಾಣೆ ಐತ್ರಿ ಸಾಬ್ರ,” ಎನ್ನುತ್ತಿದ್ದಳು. ಹೌದೆನ್ನಲು ಅವನಿಗೆ ನಾಚಿಕೆಯಿರಲಿಲ್ಲ.

ಹೋದ ವರ್ಷ ಕಂಪ್ಯೂಟರೇ ಹಾಳೆ ಬರೆಯತೊಡಗಿತು. ರಾಜಮಹ್ಮದನಿಗೆ ಎರಡು ದಿನದ ತರಬೇತಿ. ಕಲಿಸಲು ಬಂದ ಜಯಶ್ರೀ ಮಗಳ ವಯಸ್ಸಿನವಳು.

“ಇನ್ನ ನೀವು ಬರಿಯೂದಿಲ್ರಿ ಸರ್. ಅದು ಬರದದ್ದನ್ನ ಓದಿ ಸಹಿ ಮಾಡೂದು, ಅಷ್ಟ.”

“ಶಿರೂರಿಗೆ ಹೋಗೂದು?”

“ಅದಕ್ಕ ಟೈಮ್ ಇಟ್ಟಿಲ್ರಿ.”

ಅದೇ ಮಾಲೀಕರ ಬೇರೆ ಮೂರು ಕಾರ್ಖಾನೆಗಳ ಹಾಳೆಗಳೂ ಅವನ ಮೇಜಿಗೇ ಬಂದವು. ರಜೆ ಹಾಕಿಯಾದರೂ ಹೋಗಬಹುದಿತ್ತು, ಹೋಗಲಿಲ್ಲ. ಕಂಪ್ಯೂಟರಿನ ಕನ್ನಡದಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ, ಅದೇ ಅವನನ್ನು ಮೈಮರೆಸಿತು.

ಕಾರ್ಖಾನೆ ಮೊದಲ ಸಲ ಮಾಡಿದ, ಮೋಟಾರಿನಿಂದ ತಿರುಗುವ ಮೇವಿನ ಯಂತ್ರದ ಹಾಳೆಯಲ್ಲಿ ‘ಯಂತ್ರ ಪೂರ್ತಿ ನಿಂತ ಮೇಲೆ ಸಿಕ್ಕಿಕೊಂಡ ಮೇವನ್ನು ತೆಗೆಯಿರಿ’ ಎಂದಿತ್ತು. ಸಹಿ ಮಾಡಿದ. ಈ ಕಡೆಯ ಹಳ್ಳಿಗಳಲ್ಲಿ ಯಂತ್ರ ನಿಲ್ಲುವುದು ಹೆಚ್ಚಾಗಿ ಕರೆಂಟ್ ಹೋಗಿ. ಹೋದ ಕರೆಂಟ್ ಹೇಳಿ ಕೇಳಿ ಬರುವುದಿಲ್ಲ. ‘ಮೊದಲು ಸ್ವಿಚ್ ಬಂದ್ ಮಾಡಿ’ ಎಂಬ ಸಾಲು ಬೇಕಿತ್ತು. ಆ ಅಂಗಳದಲ್ಲಿ ಅರ್ಧ ತಾಸು ಕೂತಿದ್ದರೆ ಅದು ತಾನಾಗಿ ತಿಳಿಯುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ಯಂತ್ರ ಕೊಂಡವರಲ್ಲಿ ರೇಣವ್ವನೂ ಒಬ್ಬಳು. ಸೊಸೆ ಸವಿತಾ ಹಾಳೆ ಓದಿ ಹೇಳಿದ್ದಳು. ಕರೆಂಟ್ ಹೋಗಿ ಯಂತ್ರ ನಿಂತಾಗ ರೇಣವ್ವ ಮೇವು ತೆಗೆಯಲು ಕೈ ಹಾಕಿದಳು, ಕರೆಂಟ್ ಬಂತು.

ಸುದ್ದಿ ತಿಳಿದು ರಾಜಮಹ್ಮದ ಬಾಗಲಕೋಟೆಯ ದವಾಖಾನೆಗೆ ಹೋದ. ಬಲಗೈಯ ಮೂರು ಬೆರಳು ಹೋಗಿದ್ದವು. ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಹಾಳಿ ಕೆಳಗ ನಿಮ್ಮ ಹೆಸರ ಐತಿ ಅಂದ್ಲು ಸವಿತಾ,” ಎಂದಳು ರೇಣವ್ವ, ಸಿಟ್ಟಿಲ್ಲದೆ. “ಈ ಸಲ ಬರ್ಲಿಲ್ಲಲ್ಲ, ಬ್ಯಾರೆ ಯಾರ ಕಡಿಂದರೆ ಮಾಡ್ಸಿ ನೋಡಿರಬೇಕು ಅಂದ್ಕೊಂಡ್ನಿರಿ.”



“ಇಲ್ಲ ಯವ್ವಾ,” ಎಂದ ರಾಜಮಹ್ಮದ. “ಮಾಡಿ ನೋಡಿದವರಾಗ ನೀನ ಮೊದಲ.”